ಹಳೇ ಡಾಸ್ ಮಷೀನಿನಲ್ಲಿ ಟಿಎಸ್‌ಆರ್ ತಂಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಂ ಓಡುವ 386, 486 ಪ್ರೊಸೆಸರಿನ ಮಷೀನುಗಳನ್ನು ಇನ್ನೂ ಓಡಿಸುವವರು ಇದ್ದಾರೆ. ಕೆಲವರಿಗೆ ಅದು ಹವ್ಯಾಸ. ಕೆಲವರಿಗೆ ಬೇರೆ ದಾರಿ ಇಲ್ಲ: ಎಂದೋ ಫಾಕ್ಸ್‌ಪ್ರೋದಲ್ಲಿ ಬರೆಸಿದ ಬಿಲ್ಲಿಂಗ್, ಲ್ಯಾಬಿನ ಯಂತ್ರಕ್ಕೆ ಸೇರಿದ ಐಎಸ್ಎ ಕಾರ್ಡ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಮಾತ್ರ ಹೊಂದುವ ರಿಪೋರ್ಟ್. ಇಲ್ಲಿನ ಉತ್ತರಗಳು ಹೆಚ್ಚಾಗಿ ಎಂಎಸ್-ಡಾಸ್ 5ರಿಂದ 6.22ರವರೆಗಿನವು. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಟೈಪ್ ಮಾಡುವವರ ಒಂದು ಪ್ರಶ್ನೆ ಕೊನೆಯಲ್ಲಿದೆ.

ಟಿಎಸ್‌ಆರ್ ಅಂದರೆ ಏನು? ನನ್ನ ಮಷೀನಿನಲ್ಲಿ ಯಾವ್ಯಾವುದು ಕೂತಿದೆ ಅಂತ ಹೇಗೆ ನೋಡುವುದು?

ಡಾಸ್ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಓಡಿಸುತ್ತದೆ. ಅದು ಮುಗಿದ ಮೇಲೆ ಅದರ ಮೆಮರಿ ವಾಪಸ್ ಬರುತ್ತದೆ. ಆದರೆ ಕೆಲವು ಚಿಕ್ಕ ಪ್ರೋಗ್ರಾಂಗಳು ಕೆಲಸ ಮುಗಿಸಿದಂತೆ ಮಾಡಿ ಮೆಮರಿಯಲ್ಲೇ ಉಳಿದುಬಿಡುತ್ತವೆ, ಆಮೇಲೆ ಬೇಕೆಂದಾಗ ಎದ್ದು ಬರುತ್ತವೆ. ಇವೇ ಟರ್ಮಿನೇಟ್ ಅಂಡ್ ಸ್ಟೇ ರೆಸಿಡೆಂಟ್, ಚಿಕ್ಕದಾಗಿ ಟಿಎಸ್‌ಆರ್. ಮೌಸ್.ಕಾಂ, ಡಾಸ್‌ಕೀ, ಡಿಸ್ಕಿನಿಂದ ಓದಿದ್ದನ್ನು ಮೆಮರಿಯಲ್ಲಿಟ್ಟು ವೇಗ ಹೆಚ್ಚಿಸುವ ಡಿಸ್ಕ್ ಕ್ಯಾಶ್ ಸ್ಮಾರ್ಟ್‌ಡ್ರೈವ್, ಸಿಡಿ ಡ್ರೈವಿಗೆ ಬೇಕಾದ ಎಂಎಸ್‌ಸಿಡಿಇಎಕ್ಸ್, ಆಂಟಿವೈರಸ್ ವಿಸೇಫ್ ಎಲ್ಲವೂ ಇದೇ ಜಾತಿ. ಡಾಸ್ 2ರಿಂದ ಇದ್ದ ಪ್ರಿಂಟ್ ಆಜ್ಞೆಯೂ ಇದೇ. 1984ರಲ್ಲಿ ಬೋರ್ಲ್ಯಾಂಡ್‌ನ ಸೈಡ್‌ಕಿಕ್ ಬಂದ ಮೇಲೆ ಇವುಗಳ ಹುಚ್ಚು ಜಾಸ್ತಿ ಆಯಿತು. ಯಾವ ಪ್ರೋಗ್ರಾಂ ಒಳಗಿದ್ದರೂ ಒಂದು ಕೀ ಒತ್ತಿದರೆ ಕ್ಯಾಲ್ಕುಲೇಟರ್, ನೋಟ್‌ಪ್ಯಾಡ್ ಮೇಲೆ ಬರುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಮಜಾ.

ನೋಡಲು ಪ್ರಾಂಪ್ಟಿನಲ್ಲಿ ಮೆಮ್ /ಸಿ ಎಂದು ಹೊಡೆಯಿರಿ. ಡಾಸ್ 6 ಆದರೆ /ಪಿ ಕೂಡ ಸೇರಿಸಿ, ಪುಟ ಪುಟವಾಗಿ ನಿಲ್ಲುತ್ತದೆ. ಡಾಸ್ 6ರ ಜೊತೆ ಬರುವ ಎಂಎಸ್‌ಡಿ ಓಡಿಸಿದರೆ ಟಿಎಸ್‌ಆರ್ ಪಟ್ಟಿ, ಐಆರ್‌ಕ್ಯೂ (ಸಾಧನಗಳು ಪ್ರೊಸೆಸರನ್ನು ಕರೆಯುವ ಸಾಲುಗಳ) ಪಟ್ಟಿ ಎರಡೂ ಸಿಗುತ್ತವೆ. ಮೊದಲ ಸಲ ನೋಡುವವರು ಸಾಮಾನ್ಯವಾಗಿ "ಇಷ್ಟೊಂದು ಯಾರು ಹಾಕಿದ್ದು?" ಅನ್ನುತ್ತಾರೆ. ಯಾವುದೋ ಪ್ರೋಗ್ರಾಂ ಇನ್‌ಸ್ಟಾಲ್ ಆಗುವಾಗ ಬೂಟ್ ಆಗುವಾಗ ಓಡುವ ಆಟೋಎಕ್ಸೆಕ್.ಬ್ಯಾಟ್‌ಗೆ ತಾನೇ ಒಂದು ಸಾಲು ಸೇರಿಸಿಕೊಂಡಿರುತ್ತದೆ, ಅಷ್ಟೇ.

ಎರಡು ಪ್ರೋಗ್ರಾಂ ಇವೆ. ಒಂದೊಂದೇ ಹಾಕಿದರೆ ಸರಿ. ಎರಡೂ ಹಾಕಿದರೆ ಹ್ಯಾಂಗ್. ತಪ್ಪು ಯಾವುದರದ್ದು?

ಬಹಳ ಸಲ ಯಾವುದರದ್ದೂ ಅಲ್ಲ. ಎರಡೂ "ಈ ಮಷೀನಿನಲ್ಲಿ ನಾನೊಬ್ಬನೇ" ಎಂದುಕೊಂಡು ಬರೆದವು. ತೊಂದರೆ ಇರುವುದು ಅಲ್ಲಿ.

ಸ್ವಲ್ಪ ಒಳಗೆ ಇಳಿದು ನೋಡೋಣ, ಮುಂದಿನ ಅರ್ಧ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಇದೆ. ಮೆಮರಿಯ ಮೊದಲ 1024 ಬೈಟುಗಳಲ್ಲಿ ಒಂದು ಪಟ್ಟಿ ಇರುತ್ತದೆ: 256 ವಿಳಾಸಗಳು, ಒಂದೊಂದಕ್ಕೆ 4 ಬೈಟ್. ಕೀ ಒತ್ತಿದರೆ ಎಲ್ಲಿಗೆ ಹೋಗಬೇಕು, ಟೈಮರ್ ಬಡಿದರೆ ಎಲ್ಲಿಗೆ, ಡಿಸ್ಕ್ ಓದಬೇಕಾದರೆ ಎಲ್ಲಿಗೆ, ಎಲ್ಲಾ ಅಲ್ಲಿ ಬರೆದಿರುತ್ತದೆ. ಹೀಗೆ ಕೆಲಸದ ನಡುವೆ ಬರುವ ಕರೆಗೆ ಇಂಟರಪ್ಟ್ ಎಂದು ಹೆಸರು. ಕೀಬೋರ್ಡಿನದ್ದು ಇಂಟರಪ್ಟ್ 9. ಟೈಮರಿನದ್ದು 8, ಸೆಕೆಂಡಿಗೆ ಸುಮಾರು 18.2 ಸಲ ಬಡಿಯುತ್ತದೆ.

ಟಿಎಸ್‌ಆರ್ ಮಾಡುವುದು ಇಷ್ಟೇ. ಆ ಪಟ್ಟಿಯಲ್ಲಿರುವ ಹಳೇ ವಿಳಾಸವನ್ನು ತನ್ನ ಹತ್ತಿರ ಬರೆದಿಟ್ಟುಕೊಂಡು, ಅದರ ಜಾಗದಲ್ಲಿ ತನ್ನ ವಿಳಾಸ ಹಾಕುತ್ತದೆ. ಇನ್ನು ಮುಂದೆ ಪ್ರತಿ ಕೀ ಮೊದಲು ಇದರ ಹತ್ತಿರ ಬರುತ್ತದೆ. ತನಗೆ ಬೇಕಾದ ಕೀ ಅಲ್ಲದಿದ್ದರೆ ಹಳೇ ವಿಳಾಸಕ್ಕೆ ಕಳಿಸಬೇಕು. ಎರಡನೇ ಟಿಎಸ್‌ಆರ್ ಬಂದರೆ ಅದೂ ಇದನ್ನೇ ಮಾಡುತ್ತದೆ, ಅದರ ಪಾಲಿಗೆ "ಹಳೇ ವಿಳಾಸ" ಅಂದರೆ ಮೊದಲನೇ ಟಿಎಸ್‌ಆರ್. ಹೀಗೆ ಸರಪಳಿ ಬೆಳೆಯುತ್ತದೆ.

ನಡುವೆ ಒಬ್ಬರು ಕೀಯನ್ನು ಮುಂದೆ ಕಳಿಸದೆ ನುಂಗಿದರೆ, ಹಿಂದಿನವರಿಗೆ ಏನೂ ತಲುಪುವುದಿಲ್ಲ. ಒಬ್ಬರು ಕಳಿಸುವ ಮುಂಚೆ ಏನೋ ಬದಲಾಯಿಸಿದರೆ, ಹಿಂದಿನವರಿಗೆ ತಲುಪುವುದು ಬೇರೆಯೇ. ಎರಡೂ ಪ್ರೋಗ್ರಾಂ ಒಂಟಿಯಾಗಿ ಸರಿಯಿದ್ದು, ಜೊತೆಗೆ ಕೆಡುವುದು ಇದಕ್ಕೇ.

ಹಾಗಾದರೆ ಹುಡುಕಲು ಎಲ್ಲಿಂದ ಶುರು ಮಾಡಲಿ?

ಎಲ್ಲವನ್ನೂ ತೆಗೆದು ನೋಡುವುದರಿಂದ. ರ್‍ಯಾಮ್ ಬದಲಿಸುವುದು, ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡುವುದು ಇವೆಲ್ಲ ಆಮೇಲೆ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಡಾಸ್ 6 ಇದ್ದರೆ "ಸ್ಟಾರ್ಟಿಂಗ್ ಎಂಎಸ್-ಡಾಸ್" ಎಂದು ತೆರೆಯ ಮೇಲೆ ಬಂದ ತಕ್ಷಣ ಎಫ್5 ಒತ್ತಿ. ಡ್ರೈವರ್‌ಗಳನ್ನು ಲೋಡ್ ಮಾಡುವ ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ ಎರಡನ್ನೂ ಬಿಟ್ಟು ಬೂಟ್ ಆಗುತ್ತದೆ. ಎಫ್8 ಒತ್ತಿದರೆ ಒಂದೊಂದೇ ಸಾಲು ಕೇಳಿ ಕೇಳಿ ಮುಂದೆ ಹೋಗುತ್ತದೆ. 6.0ದಲ್ಲಿ ಇದು ಕಾನ್ಫಿಗ್.ಸಿಸ್‌ಗೆ ಮಾತ್ರ. ಆಟೋಎಕ್ಸೆಕ್.ಬ್ಯಾಟ್ ಬೇಕೋ ಬೇಡವೋ ಎಂದು ಒಂದೇ ಸಲ ಕೇಳುತ್ತದೆ. 6.2ರಿಂದ ಅದನ್ನೂ ಸಾಲು ಸಾಲಾಗಿ ಕೇಳುತ್ತದೆ. ಡಾಸ್ 5ರಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಫಾರ್ಮ್ಯಾಟ್ ಎ: /ಎಸ್ ಮಾಡಿದ ಒಂದು ಬೂಟ್ ಫ್ಲಾಪಿ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಸ್ಟ್ಯಾಕರ್‌ನಂಥ ಡಿಸ್ಕ್ ಕಂಪ್ರೆಷನ್ ಇರುವ ಮಷೀನಿನಲ್ಲಿ ಕಾನ್ಫಿಗ್.ಸಿಸ್ ಬಿಟ್ಟು ಬೂಟ್ ಮಾಡಿದರೆ ಸಿ ಡ್ರೈವ್ ಹೆಚ್ಚುಕಡಿಮೆ ಖಾಲಿ ಕಾಣಬಹುದು. ಫೈಲ್‌ಗಳು ಹೋಗಿಲ್ಲ. ಅವನ್ನು ಬಿಚ್ಚಿ ತೋರಿಸುವ ಡ್ರೈವರ್ ಲೋಡ್ ಆಗಿಲ್ಲ, ಅಷ್ಟೇ. ಆ ಹೊತ್ತಿನಲ್ಲಿ ಗಾಬರಿಯಾಗಿ ಚೆಕ್‌ಡಿಸ್ಕ್ ಓಡಿಸುವುದು, ಏನಾದರೂ ಕಾಪಿ ಮಾಡುವುದು ಬೇಡ.

ಬರಿಯ ಡಾಸ್‌ನಲ್ಲಿ ತೊಂದರೆ ಮಾಯವಾಯಿತಾ? ಹಾಗಾದರೆ ಪಟ್ಟಿಯಲ್ಲಿರುವ ಯಾವುದೋ ಒಂದು ಕಾರಣ. ಆಟೋಎಕ್ಸೆಕ್‌ನ ಅರ್ಧ ಸಾಲುಗಳ ಮುಂದೆ ರೆಮ್ (ಈ ಸಾಲು ಓಡಿಸಬೇಡ ಎನ್ನುವ ಗುರುತು) ಹಾಕಿ ಬೂಟ್ ಮಾಡಿ. ತೊಂದರೆ ಬಂದರೆ ಉಳಿದ ಅರ್ಧದಲ್ಲಿದೆ, ಬರದಿದ್ದರೆ ರೆಮ್ ಹಾಕಿದ ಅರ್ಧದಲ್ಲಿದೆ. ಮತ್ತೆ ಅರ್ಧ ಮಾಡಿ. ಹದಿನಾರು ಸಾಲು ಇದ್ದರೂ ನಾಲ್ಕೈದು ಬೂಟ್‌ಗಳಲ್ಲಿ ಕಳ್ಳ ಸಿಗುತ್ತಾನೆ. ಆದರೆ ಇಬ್ಬರು ಸೇರಿದರೆ ಮಾತ್ರ ಬರುವ ತೊಂದರೆ ಈ ಲೆಕ್ಕಕ್ಕೆ ಸುಲಭವಾಗಿ ಸಿಗಲ್ಲ. ಎರಡು ಅರ್ಧಗಳೂ ಸರಿಯಾಗಿ ಓಡಿ, ಪೂರ್ತಿ ಹಾಕಿದಾಗ ಕೆಟ್ಟರೆ, ಒಬ್ಬ ಈ ಕಡೆ ಒಬ್ಬ ಆ ಕಡೆ ಇದ್ದಾನೆ ಎಂದರ್ಥ. ಆಗ ಒಂದು ಅರ್ಧವನ್ನು ಹಾಗೇ ಇಟ್ಟು, ಇನ್ನೊಂದರಿಂದ ಒಂದೊಂದೇ ಸೇರಿಸುತ್ತಾ ಬನ್ನಿ.

ಶುರು ಮಾಡುವ ಮುಂಚೆ ಎರಡೂ ಫೈಲ್‌ಗಳ ನಕಲು ಒಂದು ಫ್ಲಾಪಿಯಲ್ಲಿರಲಿ.

ಯಾವ ಕ್ರಮದಲ್ಲಿ ಲೋಡ್ ಮಾಡಬೇಕು?

ಎಲ್ಲಾ ಮಷೀನಿಗೂ ಹೊಂದುವ ಒಂದೇ ಕ್ರಮ ಇಲ್ಲ. ಆದರೂ ಸಾಮಾನ್ಯವಾಗಿ ಡ್ರೈವರ್‌ಗಳು ಮೊದಲು, ನೆಟ್‌ವರ್ಕ್ ಆಮೇಲೆ, ಡಿಸ್ಕ್ ಕ್ಯಾಶ್ ನಂತರ, ಕೀಬೋರ್ಡ್ ಮ್ಯಾಕ್ರೋ ಮತ್ತು ಪಾಪ್‌ಅಪ್‌ಗಳು ಕೊನೆಗೆ. ಕಾರಣ ಮೇಲೆ ಹೇಳಿದ ಸರಪಳಿ: ಕೊನೆಗೆ ಬಂದವನಿಗೆ ಕೀ ಮೊದಲು ಸಿಗುತ್ತದೆ.

ಎಂಎಸ್‌ಸಿಡಿಇಎಕ್ಸ್ ಮತ್ತು ಸ್ಮಾರ್ಟ್‌ಡ್ರೈವ್ ಒಳ್ಳೆಯ ಉದಾಹರಣೆ. ಡಾಸ್ 6.2ರ ಸ್ಮಾರ್ಟ್‌ಡ್ರೈವ್ ಸಿಡಿಯನ್ನೂ ಕ್ಯಾಶ್ ಮಾಡಬಲ್ಲದು, ಆದರೆ ಎಂಎಸ್‌ಸಿಡಿಇಎಕ್ಸ್ ಅದಕ್ಕಿಂತ ಮೊದಲೇ ಬಂದಿದ್ದರೆ ಮಾತ್ರ. ಹಿಂದೆ ಮುಂದೆ ಆದರೆ ಯಾವ ಎರರ್ ಕೂಡ ಬರಲ್ಲ. ಸಿಡಿ ಸುಮ್ನೆ ನಿಧಾನ ಆಗುತ್ತದೆ.

ಸೈಡ್‌ಕಿಕ್ ಕಥೆ ಬೇರೆ. ಅದಕ್ಕೆ ತಾನೇ ಕೊನೆಯದಾಗಬೇಕು. ಇನ್ನೊಂದು ಟಿಎಸ್‌ಆರ್ ಆಮೇಲೆ ಬಂದು ಕೀಬೋರ್ಡ್ ಹಿಡಿದರೆ, ಸೈಡ್‌ಕಿಕ್ ಸುಮ್ಮನಿರದೆ ಅದನ್ನು ಮತ್ತೆ ಕಿತ್ತುಕೊಳ್ಳಲು ನೋಡುತ್ತದೆ. ಇದೇ ಹಟ ಇರುವ ಪ್ರೋಗ್ರಾಂಗಳು ಎರಡಿದ್ದರೆ ಕ್ರಮ ಬದಲಿಸಿ ಪ್ರಯೋಜನ ಇಲ್ಲ. ಒಂದನ್ನು ಬಿಡಿ.

ಕ್ಯೂಬೇಸಿಕ್‌ನಲ್ಲಿ ವ್ಯೂ ಮೆನು ತೆಗೆಯಲು ಆಲ್ಟ್+ವಿ ಒತ್ತಿದರೆ ಯಾವುದೋ ವೈರಸ್ ಬಾಕ್ಸ್ ಬರುತ್ತೆ. ವೈರಸ್ ಬಂತಾ?

ಇಲ್ಲ, ಅದು ವಿಸೇಫ್. ಡಾಸ್ 6ರ ಜೊತೆ ಬಂದ ಆಂಟಿವೈರಸ್ ಕಾವಲುಗಾರ. ಅದರ ಹಾಟ್‌ಕೀ, ಅಂದರೆ ಅದನ್ನು ಎಬ್ಬಿಸುವ ಕೀ, ಆಲ್ಟ್+ವಿ. ಕ್ಯೂಬೇಸಿಕ್‌ನ ವ್ಯೂ ಮೆನುವಿಗೂ ಅದೇ ಕೀ. ವಿಸೇಫ್ ಇಂಟರಪ್ಟ್ ಮಟ್ಟದಲ್ಲೇ ಹಿಡಿಯುವುದರಿಂದ ಕ್ಯೂಬೇಸಿಕ್‌ಗೆ ಆ ಕೀ ತಲುಪುವುದೇ ಇಲ್ಲ. ಎರಡೂ ಒಂದೇ ಡಾಸ್ ಪೆಟ್ಟಿಗೆಯಲ್ಲಿ ಬಂದವು ಎನ್ನುವುದೇ ತಮಾಷೆ.

ಪರಿಹಾರ ಸುಲಭ. ವಿಸೇಫ್ ಸಾಲಿನಲ್ಲಿ /ಎ ಪಕ್ಕದಲ್ಲಿ ಬೇರೆ ಅಕ್ಷರ ಕೊಟ್ಟರೆ ಆಲ್ಟ್ ಜೊತೆ ಆ ಅಕ್ಷರ ಹಾಟ್‌ಕೀ ಆಗುತ್ತದೆ. /ಸಿ ಕೊಟ್ಟರೆ ಕಂಟ್ರೋಲ್ ಜೊತೆ. ಅಥವಾ ಆಲ್ಟ್ ಹಿಡಿಯದೆ, ಆಲ್ಟ್ ಒಂದನ್ನೇ ಒತ್ತಿ ಬಿಟ್ಟು ಆಮೇಲೆ ವಿ ಒತ್ತಿ. ಮೆನು ಬರುತ್ತದೆ.

ಹಾಟ್‌ಕೀ ಆರಿಸುವಾಗ ಒಂದು ಮಾತು. ವರ್ಡ್‌ಸ್ಟಾರ್ ಎಂಬ ವರ್ಡ್ ಪ್ರೊಸೆಸರ್ ಬಳಸುವ ಮಷೀನಿನಲ್ಲಿ ಕಂಟ್ರೋಲ್ ಜೊತೆ ಯಾವ ಅಕ್ಷರವನ್ನೂ ಮುಟ್ಟಬೇಡಿ. ಹೆಚ್ಚುಕಡಿಮೆ ಎಲ್ಲವನ್ನೂ ವರ್ಡ್‌ಸ್ಟಾರ್ ಹಿಡಿದುಕೊಂಡಿದೆ. ಮೆನು ಇರುವ ಪ್ರೋಗ್ರಾಂಗಳಲ್ಲಿ ಆಲ್ಟ್ ಜೊತೆಗಿನ ಅಕ್ಷರಗಳು ಹೋದವು. ಕಂಟ್ರೋಲ್+ಆಲ್ಟ್ ಜೊತೆ ಒಂದು ಅಕ್ಷರ, ಅಥವಾ ಎರಡೂ ಶಿಫ್ಟ್ ಒಟ್ಟಿಗೆ, ಇವು ಸಾಮಾನ್ಯವಾಗಿ ಖಾಲಿ ಇರುತ್ತವೆ.

ಹಾಟ್‌ಕೀ ಒತ್ತಿದ ತಕ್ಷಣ ಪಾಪ್‌ಅಪ್ ಬರಲ್ಲ. ಫೈಲ್ ಸೇವ್ ಆದಮೇಲೆ ಬರುತ್ತೆ. ಕೆಟ್ಟಿದೆಯಾ?

ಕೆಟ್ಟಿಲ್ಲ, ಅದು ಒಳ್ಳೆಯ ಟಿಎಸ್‌ಆರ್‌ನ ಲಕ್ಷಣ. ಡಾಸ್ ತನ್ನ ಕೆಲಸದ ಮಧ್ಯೆ ಇರುವಾಗ ಅದನ್ನು ಇನ್ನೊಮ್ಮೆ ಕರೆಯುವ ಹಾಗಿಲ್ಲ. ಕರೆದರೆ ಒಳಗಿನ ಲೆಕ್ಕವೆಲ್ಲ ಅದಲು ಬದಲು. ಡಾಸ್ ಒಳಗಿದೆಯೋ ಹೊರಗಿದೆಯೋ ತಿಳಿಸುವ ಒಂದು ಗುರುತು ಇದೆ, ಅದಕ್ಕೆ ಇನ್‌ಡಾಸ್ ಎಂದು ಹೆಸರು. ಸರಿಯಾಗಿ ಬರೆದ ಟಿಎಸ್‌ಆರ್ ಅದನ್ನು ನೋಡಿ ಕಾಯುತ್ತದೆ.

ಪ್ರಾಂಪ್ಟಿನಲ್ಲಿ ನೀವು ಏನೂ ಟೈಪ್ ಮಾಡದೆ ಕೂತಿದ್ದರೂ ಡಾಸ್ "ಒಳಗೆ" ಇರುತ್ತದೆ, ನಿಮ್ಮ ಕೀಗಾಗಿ ಕಾಯುತ್ತಾ. ಆಗ ಟಿಎಸ್‌ಆರ್‌ಗಳಿಗೆ ದಾರಿ ಬಿಡಲು ಅದು ಪದೇ ಪದೇ ಇಂಟರಪ್ಟ್ 28 ಕರೆಯುತ್ತದೆ (ಹೆಕ್ಸ್ ಲೆಕ್ಕದಲ್ಲಿ). ಇದನ್ನು ಗಮನಿಸದ ಟಿಎಸ್‌ಆರ್ ಪ್ರಾಂಪ್ಟಿನಲ್ಲಿ ಬರುವುದೇ ಇಲ್ಲ, ಬೇರೆ ಪ್ರೋಗ್ರಾಂ ಒಳಗೆ ಮಾತ್ರ ಬರುತ್ತದೆ. ಇನ್‌ಡಾಸ್ ನೋಡದೇ ನುಗ್ಗುವ ಟಿಎಸ್‌ಆರ್ ಇದ್ದರೆ, ಡಿಸ್ಕ್ ಲೈಟ್ ಉರಿಯುವಾಗ ಅದರ ಕೀ ಒತ್ತಲೇಬೇಡಿ.

ಪಾಪ್‌ಅಪ್ ಮುಚ್ಚಿದ ಮೇಲೆ ಚಾರ್ಟ್ ಬರೆಯುವ ಪ್ರೋಗ್ರಾಂನ ಸ್ಕ್ರೀನ್ ಕಲಸಿಹೋಗುತ್ತೆ.

ಪಾಪ್‌ಅಪ್‌ಗೆ ಟೆಕ್ಸ್ಟ್ ಸ್ಕ್ರೀನ್ ಮಾತ್ರ ಗೊತ್ತು. ಗ್ರಾಫಿಕ್ಸ್ ಮೋಡ್‌ನಲ್ಲಿ ಎದ್ದರೆ ಸ್ಕ್ರೀನನ್ನು ಉಳಿಸಿಟ್ಟು ವಾಪಸ್ ಕೊಡಲು ಅದಕ್ಕೆ ಆಗುವುದಿಲ್ಲ. ಗ್ರಾಫಿಕ್ಸ್‌ನಲ್ಲಿರುವಾಗ ಹಾಟ್‌ಕೀ ಮುಟ್ಟಬೇಡಿ. ಬೇರೆ ಮದ್ದಿಲ್ಲ.

ಒಂದು ಟಿಎಸ್‌ಆರ್ ತೆಗೆಯಲು /ಯು ಕೊಟ್ಟರೆ "ಆಗಲ್ಲ" ಅನ್ನುತ್ತೆ.

ಅದರ ಮೇಲೆ ಇನ್ನೊಂದು ಕೂತಿದೆ. ಸರಪಳಿಯ ನಡುವಿನ ಕೊಂಡಿ ತೆಗೆದರೆ, ಮೇಲಿನವನ ಹತ್ತಿರ ಇರುವ "ಹಳೇ ವಿಳಾಸ" ಖಾಲಿ ಜಾಗಕ್ಕೆ ತೋರಿಸುತ್ತದೆ. ಮುಂದಿನ ಕೀ ಒತ್ತಿದ ಕೂಡಲೇ ಮಷೀನ್ ನಿಂತುಹೋಗುತ್ತದೆ. ಆದ್ದರಿಂದ ಸರಿಯಾದ ಟಿಎಸ್‌ಆರ್ ಮೊದಲು ಪಟ್ಟಿಯಲ್ಲಿ ಇನ್ನೂ ತನ್ನ ವಿಳಾಸವೇ ಇದೆಯಾ ಎಂದು ನೋಡಿ, ಇಲ್ಲದಿದ್ದರೆ ಹೊರಡಲು ಒಪ್ಪುವುದಿಲ್ಲ. ಕೊನೆಗೆ ಬಂದವನು ಮೊದಲು ಹೋಗಬೇಕು. ನಿಯಮ ಅಷ್ಟೇ.

ಪದೇ ಪದೇ ಹಾಕಿ ತೆಗೆಯುವ ಕೆಲಸ ಇದ್ದರೆ ಟರ್ಬೋಪವರ್ ಸಾಫ್ಟ್‌ವೇರ್‌ನ ಕಿಮ್ ಕೊಕ್ಕೊನೆನ್ ಬರೆದ ಮಾರ್ಕ್ ಮತ್ತು ರಿಲೀಸ್ ಹುಡುಕಿ ಇಟ್ಟುಕೊಳ್ಳಿ. ಮೊದಲು ಮಾರ್ಕ್ ಓಡಿಸಿದರೆ ಆ ಕ್ಷಣದ ಇಂಟರಪ್ಟ್ ಪಟ್ಟಿಯನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ಟಿಎಸ್‌ಆರ್ ಹಾಕಿದರೂ ರಿಲೀಸ್ ಕೊಟ್ಟರೆ ಎಲ್ಲಾ ಒಟ್ಟಿಗೆ ಹೋಗುತ್ತವೆ, ಪಟ್ಟಿ ಮೊದಲಿನಂತೆ ಆಗುತ್ತದೆ. ಪ್ರಯೋಗ ಮಾಡುವವರಿಗೆ ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ. ಡಿಸ್ಕ್ ಕ್ಯಾಶ್‌ಗಳನ್ನು ಮಾತ್ರ ಮಾರ್ಕ್‌ಗಿಂತ ಮೊದಲೇ ಲೋಡ್ ಮಾಡಿ. ಬರೆಯಲು ಬಾಕಿ ಇಟ್ಟುಕೊಂಡ ಕ್ಯಾಶನ್ನು ಹೀಗೆ ಕಿತ್ತು ಹಾಕಿದರೆ ಡೇಟಾ ಹೋಗುತ್ತದೆ.

ಮೆಮ್ ತೋರಿಸುವಷ್ಟು ಮೆಮರಿ ಇದೆ. ಆದರೂ ಪ್ರೋಗ್ರಾಂ "ನಾಟ್ ಎನಫ್ ಮೆಮರಿ" ಅನ್ನುತ್ತೆ.

ಒಟ್ಟು ಎಷ್ಟಿದೆ ಎನ್ನುವುದಕ್ಕಿಂತ ಒಂದೇ ತುಂಡಾಗಿ ಎಷ್ಟಿದೆ ಎನ್ನುವುದು ಮುಖ್ಯ. ಮೆಮ್ ವರದಿಯ ಕೊನೆಯಲ್ಲಿ ಓಡಿಸಬಹುದಾದ ಅತಿ ದೊಡ್ಡ ಪ್ರೋಗ್ರಾಂನ ಗಾತ್ರ ಬರುತ್ತದೆ, ಅದನ್ನು ನೋಡಿ.

ಮೆಮರಿ ತುಂಡಾಗುವುದು ಹೀಗೆ. ನೀವು ವರ್ಡ್‌ಸ್ಟಾರ್ ಅಥವಾ ಫಾಕ್ಸ್‌ಪ್ರೋ ಒಳಗಿಂದಲೇ ಡಾಸ್ ಪ್ರಾಂಪ್ಟಿಗೆ ಬಂದಿರಿ. ಅಲ್ಲಿ ಪ್ರಿಂಟ್ ಹೊಡೆದಿರಿ, ಅಥವಾ ಮೌಸ್ ಕೆಲಸ ಮಾಡಲಿಲ್ಲ ಎಂದು ಮೌಸ್.ಕಾಂ ಹಾಕಿದಿರಿ. ಅದು ದೊಡ್ಡ ಪ್ರೋಗ್ರಾಂನ ಮೇಲ್ಭಾಗದ ಮೆಮರಿಯಲ್ಲಿ ಕೂತಿತು. ಎಕ್ಸಿಟ್ ಕೊಟ್ಟು, ದೊಡ್ಡ ಪ್ರೋಗ್ರಾಂ ಮುಚ್ಚಿದಿರಿ. ಕೆಳಗಿನ ಜಾಗ ಖಾಲಿಯಾಯಿತು, ಆದರೆ ಟಿಎಸ್‌ಆರ್ ನಡುವೆ ಗೂಟದಂತೆ ಉಳಿಯಿತು. ಈಗ ಮೆಮರಿ ಎರಡು ತುಂಡು, ಎರಡೂ ಸಾಲುವುದಿಲ್ಲ.

ಟಿಎಸ್‌ಆರ್ ಹಾಕುವುದಾದರೆ ಯಾವಾಗಲೂ ಬರಿಯ ಪ್ರಾಂಪ್ಟಿನಿಂದಲೇ ಹಾಕಿ. ಈಗಾಗಲೇ ಆಗಿದ್ದರೆ ರೀಬೂಟ್ ಮಾಡಿ. ಅಂದ ಹಾಗೆ ಡಾಸ್‌ಕೀ /ರಿಇನ್‌ಸ್ಟಾಲ್ ಕೊಡುವ ಅಭ್ಯಾಸ ಇದ್ದರೆ ಬಿಡಿ. ಪ್ರತಿ ಸಲವೂ ಹೊಸ ನಕಲು ಮೆಮರಿಗೆ ಬರುತ್ತದೆ.

ಮೆಮ್‌ಮೇಕರ್ ಓಡಿಸಿದ ಮೇಲೆ ನೆಟ್‌ವರ್ಕ್ ಹೋಯಿತು.

640 ಕೆಬಿಯಿಂದ 1 ಎಂಬಿವರೆಗಿನ ಜಾಗದಲ್ಲಿ ವಿಡಿಯೋ, ಬಯಾಸ್ (ಮಷೀನನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ), ಕೆಲವು ಕಾರ್ಡುಗಳು ಇರುತ್ತವೆ. ನಡುವೆ ಖಾಲಿ ಕಂಡ ಜಾಗಕ್ಕೆ ಇಎಂಎಂ386 ಎಂಬ ಮೆಮರಿ ಡ್ರೈವರ್ ರ್‍ಯಾಮ್ ತುಂಬಿ, ಟಿಎಸ್‌ಆರ್‌ಗಳನ್ನು ಅಲ್ಲಿಗೆ ಹತ್ತಿಸಲು ಅನುವು ಮಾಡುತ್ತದೆ. ಹತ್ತಿಸುವ ಸಾಲುಗಳನ್ನು ಬರೆದುಕೊಡುವುದು ಮೆಮ್‌ಮೇಕರ್. ಆದರೆ ಕೆಲವು ನೆಟ್‌ವರ್ಕ್ ಕಾರ್ಡುಗಳು ತಮ್ಮ ಜಾಗವನ್ನು ಡ್ರೈವರ್ ಬಂದ ಮೇಲೆಯೇ ತೋರಿಸುವುದು. ಬಸ್ ಸೀಟಿಗೆ ಟವೆಲ್ ಹಾಕದೆ ಕೆಳಗಿಳಿದು ಹೋದ ಹಾಗೆ. ವಾಪಸ್ ಬರುವಷ್ಟರಲ್ಲಿ ಇನ್ನೊಬ್ಬರು ಕೂತಿರುತ್ತಾರೆ.

ಕಾರ್ಡಿನ ಜಂಪರ್ ಅಥವಾ ಸೆಟಪ್ ನೋಡಿ ಯಾವ ವಿಳಾಸ ಎಂದು ತಿಳಿದುಕೊಳ್ಳಿ. ಉದಾಹರಣೆಗೆ ಡಿ000ದಿಂದ 16 ಕೆಬಿ ಆದರೆ, ಇಎಂಎಂ386 ಸಾಲಿಗೆ ಎಕ್ಸ್=ಡಿ000-ಡಿ3ಎಫ್ಎಫ್ ಎಂದು ಸೇರಿಸಿ. ಆ ಜಾಗ ಮುಟ್ಟಬೇಡ ಎಂದು ಹೇಳಿದಂತಾಯಿತು. ಯಾವ ವಿಳಾಸ ಅಂತ ಗೊತ್ತಿಲ್ಲದಿದ್ದರೆ, ಪರೀಕ್ಷೆಗೆ ಇಎಂಎಂ386 ಸಾಲಿಗೇ ರೆಮ್ ಹಾಕಿ ಬೂಟ್ ಮಾಡಿ. ನೆಟ್‌ವರ್ಕ್ ಬಂದರೆ ಕಾರಣ ಖಚಿತ.

ಡಿಫ್ರ್ಯಾಗ್ ಮಾಡಿದ ಮೇಲೆ ಫೈಲ್‌ಗಳು ಹಾಳಾಗಿವೆ. ಡಿಸ್ಕ್ ಹೋಯಿತಾ?

ಮೊದಲು ಆಟೋಎಕ್ಸೆಕ್, ಕಾನ್ಫಿಗ್ ಎರಡರಲ್ಲೂ ಫಾಸ್ಟ್‌ಓಪನ್ ಎಂಬ ಹೆಸರು ಹುಡುಕಿ. ಇಡೀ ಪುಟದಲ್ಲಿ ನಿಜವಾಗಿ ಅಪಾಯಕಾರಿ ಜೋಡಿ ಇದು.

ಫಾಸ್ಟ್‌ಓಪನ್ ಮಾಡುವುದು ಒಳ್ಳೆಯ ಕೆಲಸವೇ. ಒಮ್ಮೆ ತೆರೆದ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಡೈರೆಕ್ಟರಿ ಹುಡುಕುವ ಸಮಯ ಉಳಿಯಿತು. ಡಿಫ್ರ್ಯಾಗ್ ಕೆಲಸವೂ ಒಳ್ಳೆಯದೇ. ಚೂರು ಚೂರಾದ ಫೈಲ್‌ಗಳನ್ನು ಎತ್ತಿ ಒಟ್ಟಿಗೆ ಜೋಡಿಸುತ್ತದೆ. ಆದರೆ ತಾನು ಎತ್ತಿಟ್ಟ ವಿಷಯವನ್ನು ಡಿಫ್ರ್ಯಾಗ್ ಫಾಸ್ಟ್‌ಓಪನ್‌ಗೆ ಹೇಳುವುದಿಲ್ಲ. ಡಿಫ್ರ್ಯಾಗ್ ಮುಗಿದ ಮೇಲೆ ರೀಬೂಟ್ ಮಾಡದೆ ಒಂದು ಫೈಲ್ ತೆರೆದಿರಿ ಎನ್ನಿ. ಫಾಸ್ಟ್‌ಓಪನ್ ಹಳೇ ಜಾಗ ತೋರಿಸುತ್ತದೆ, ಅಲ್ಲಿ ಈಗ ಬೇರೆ ಫೈಲಿನ ಚೂರಿದೆ. ಓದಿದರೆ ಕಸ. ಬರೆದರೆ ಇನ್ನೊಂದು ಫೈಲೂ ಹೋಯಿತು.

ಫಾಸ್ಟ್‌ಓಪನ್ ತೆಗೆದುಬಿಡಿ. ಸ್ಮಾರ್ಟ್‌ಡ್ರೈವ್ ಇರುವಾಗ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಡಿಫ್ರ್ಯಾಗ್, ಸ್ಕ್ಯಾನ್‌ಡಿಸ್ಕ್, ಚೆಕ್‌ಡಿಸ್ಕ್ /ಎಫ್ ಯಾವುದೇ ಆಗಲಿ, ಎಫ್5 ಒತ್ತಿ ಬರಿಯ ಡಾಸ್‌ನಲ್ಲೇ ಓಡಿಸಿ. ವಿಂಡೋಸ್ 3.1 ಒಳಗಿನ ಡಾಸ್ ಕಿಟಕಿಯಲ್ಲಿ ಚೆಕ್‌ಡಿಸ್ಕ್ /ಎಫ್ ಅಂತೂ ಬೇಡವೇ ಬೇಡ. ಬೇರೆ ಪ್ರೋಗ್ರಾಂ ತೆರೆದಿಟ್ಟ ಫೈಲ್‌ಗಳು ಅದಕ್ಕೆ ದಿಕ್ಕಿಲ್ಲದ ಚೂರುಗಳಂತೆ ಕಾಣುತ್ತವೆ, ಅದು "ಸರಿಮಾಡಿ" ಬಿಡುತ್ತದೆ.

ಡಾಸ್ 6.0ದ ಸ್ಮಾರ್ಟ್‌ಡ್ರೈವ್ ಬಗ್ಗೆಯೂ ಒಂದು ಮಾತು. ಅದು ಬರೆಯುವುದನ್ನು ಸ್ವಲ್ಪ ತಡಮಾಡುತ್ತದೆ. ಪ್ರಾಂಪ್ಟ್ ಬಂತು ಎಂದು ಸ್ವಿಚ್ ಆಫ್ ಮಾಡಿದರೆ ಕೊನೆಯ ಸೇವ್ ಡಿಸ್ಕ್ ತಲುಪಿರದೇ ಇರಬಹುದು. 6.2ರಲ್ಲಿ ಇದನ್ನು ಬದಲಿಸಿದರು: ಬಾಕಿ ಎಲ್ಲಾ ಬರೆದ ಮೇಲೆಯೇ ಪ್ರಾಂಪ್ಟ್ ಬರುತ್ತದೆ. ಹಳೇದಿದ್ದರೆ, ಕರೆಂಟ್ ಆಗಾಗ ಹೋಗುವ ಊರಾದರೆ ಇನ್ನೂ ಮುಖ್ಯವಾಗಿ, ಆಫ್ ಮಾಡುವ ಮುಂಚೆ ಸ್ಮಾರ್ಟ್‌ಡ್ರೈವ್ /ಸಿ ಕೊಡಿ.

ಒಂದೇ ಹೆಸರಿನ ಫೈಲ್ ಎರಡು ಕಡೆ ಇದೆ. ನಾನು ಮಾಡಿದ ಬದಲಾವಣೆ ಒಂದರಲ್ಲಿ ಮಾತ್ರ ಇದೆ. ಇದ್ಹೇಗೆ?

ಅಪೆಂಡ್ ಆಜ್ಞೆಯ ಕೈಚಳಕ. ಪಾತ್ ಇರುವುದು ಪ್ರೋಗ್ರಾಂ ಹುಡುಕಲು, ಅಪೆಂಡ್ ಇರುವುದು ಡೇಟಾ ಫೈಲ್ ಹುಡುಕಲು. ಅಪೆಂಡ್ ಸಿ:\ಡೇಟಾ ಎಂದು ಹಾಕಿದ್ದರೆ, ನೀವು ಬೇರೆ ಡೈರೆಕ್ಟರಿಯಲ್ಲಿದ್ದರೂ ಡೇಟಾದಲ್ಲಿರುವ ಫೈಲ್ ಇಲ್ಲೇ ಇದೆ ಎಂಬಂತೆ ತೆರೆದುಕೊಳ್ಳುತ್ತದೆ. ಎಡಿಟರ್ ಅದನ್ನು ಸೇವ್ ಮಾಡುವಾಗ ಹೊಸ ಫೈಲ್ ಮಾಡುತ್ತದೆ, ಅದೂ ನೀವಿರುವ ಡೈರೆಕ್ಟರಿಯಲ್ಲಿ. ಮೂಲ ಹಾಗೇ ಉಳಿಯಿತು. ನಾಳೆ ಬೇರೆ ಡೈರೆಕ್ಟರಿಯಿಂದ ತೆರೆದರೆ ಹಳೇದೇ ಬರುತ್ತದೆ, "ನಿನ್ನೆ ಮಾಡಿದ ಕೆಲಸ ಎಲ್ಲಿ?" ಎಂದು ತಲೆ ಕೆಡುತ್ತದೆ. ಯಾವ ಪ್ರೋಗ್ರಾಂ ಕೂಡ ಸುಳ್ಳು ಹೇಳಿಲ್ಲ. ಅಪೆಂಡ್ ; (ಕೊನೆಗೆ ಸೆಮಿಕೋಲನ್) ಎಂದು ಹೊಡೆದರೆ ಆ ಪಟ್ಟಿ ಖಾಲಿಯಾಗುತ್ತದೆ.

ಮೋಡೆಮ್ ಓಡುವಾಗ ಮೌಸ್ ಅಲುಗಿಸಿದರೆ ಎಲ್ಲಾ ನಿಂತುಹೋಗುತ್ತೆ.

ಇದು ಟಿಎಸ್‌ಆರ್ ಜಗಳದಂತೆ ಕಂಡರೂ ಹಾರ್ಡ್‌ವೇರಿನದ್ದು. ಸೀರಿಯಲ್ ಪೋರ್ಟ್‌ಗಳಾದ ಕಾಂ1 ಮತ್ತು ಕಾಂ3 ಎರಡಕ್ಕೂ ಐಆರ್‌ಕ್ಯೂ 4. ಕಾಂ2, ಕಾಂ4 ಎರಡಕ್ಕೂ 3. ಮೌಸ್ ಕಾಂ1ರಲ್ಲಿ, ಮೋಡೆಮ್ ಕಾಂ3ರಲ್ಲಿ ಇದ್ದರೆ ಎರಡೂ ಒಂದೇ ಗಂಟೆ ಬಾರಿಸುತ್ತವೆ. ಮೋಡೆಮನ್ನು ಕಾಂ2ಕ್ಕೆ ಹಾಕಿ.

ಮಷೀನ್ ನಿಲ್ಲದೆ ಬರೀ ಅಕ್ಷರಗಳು ತಪ್ಪಿದರೆ ಅದು ಬೇರೆ. 9600ರ ವೇಗದಲ್ಲಿ ಹೆಚ್ಚುಕಡಿಮೆ ಪ್ರತಿ ಮಿಲಿಸೆಕೆಂಡಿಗೆ ಒಂದು ಅಕ್ಷರ ಬರುತ್ತದೆ. ಯಾವುದಾದರೂ ಟಿಎಸ್‌ಆರ್ ಅದಕ್ಕಿಂತ ಹೆಚ್ಚು ಹೊತ್ತು ಇಂಟರಪ್ಟ್ ತಡೆಹಿಡಿದರೆ ಮುಂದಿನ ಅಕ್ಷರ ಹಿಂದಿನದರ ಮೇಲೆ ಬೀಳುತ್ತದೆ. 16 ಬೈಟ್ ಬಫರ್ ಇರುವ 16550ಎ ಚಿಪ್‌ನ ಸೀರಿಯಲ್ ಕಾರ್ಡ್ ಇದ್ದರೆ ನೆಮ್ಮದಿ. ಮಷೀನಿನ ಗಡಿಯಾರ ಹಿಂದೆ ಬೀಳುವುದಕ್ಕೂ ಕಾರಣ ಇದೇ ಇರಬಹುದು.

"ಇಂಟರ್ನಲ್ ಸ್ಟ್ಯಾಕ್ ಓವರ್‌ಫ್ಲೋ, ಸಿಸ್ಟಮ್ ಹಾಲ್ಟೆಡ್" ಬಂತು.

ಇಂಟರಪ್ಟ್‌ಗಳು ಒಂದರ ಮೇಲೊಂದು ಬಂದು ಡಾಸ್ ಇಟ್ಟುಕೊಂಡ ಸ್ಟ್ಯಾಕ್‌ಗಳು (ಅರ್ಧಕ್ಕೆ ಬಿಟ್ಟ ಕೆಲಸದ ಲೆಕ್ಕ ಇಡುವ ಜಾಗ) ಮುಗಿದವು. ಕಾನ್ಫಿಗ್.ಸಿಸ್‌ನಲ್ಲಿ ಸ್ಟ್ಯಾಕ್ಸ್=9,256 ಹಾಕಿ. ಆಗಲೂ ಬಂದರೆ ಮೊದಲ ಸಂಖ್ಯೆ ಹೆಚ್ಚಿಸಿ. ಮೆಮರಿ ಉಳಿಸಲು ಸ್ಟ್ಯಾಕ್ಸ್=0,0 ಹಾಕಿ ಎಂದು ಹಲವರು ಸಲಹೆ ಕೊಡುತ್ತಾರೆ. ಹಾಗೆ ಮಾಡಿದರೆ ಈ ಸಂದೇಶ ಬರುವುದಿಲ್ಲ ನಿಜ, ಯಾವ ಸಂದೇಶವೂ ಇಲ್ಲದೆ ನಿಲ್ಲಬಹುದು.

ಒಟ್ಟು ಮೆಮರಿ 655,360 ಬೈಟ್ ಇರಬೇಕಲ್ವಾ? ನನ್ನದರಲ್ಲಿ 654,336 ತೋರಿಸುತ್ತೆ.

1 ಕೆಬಿ ಕಮ್ಮಿ. ಬೂಟ್ ಸೆಕ್ಟರ್ ವೈರಸ್‌ಗಳು ಮೆಮರಿಯ ತುದಿಯಲ್ಲಿ ಕೂತು, ಆ ಜಾಗ ಇಲ್ಲವೇ ಇಲ್ಲ ಎಂದು ಡಾಸ್‌ಗೆ ತೋರಿಸುತ್ತವೆ. ಸ್ಟೋನ್ಡ್ ವೈರಸ್ ಹೀಗೆ 2 ಕೆಬಿ ಕದಿಯುತ್ತಿತ್ತು. ಆದರೆ ಪಿಎಸ್/2 ಮೌಸ್ ಇರುವ ಎಷ್ಟೋ ಮಷೀನುಗಳಲ್ಲಿ ಬಯಾಸ್ ತಾನೇ 1 ಕೆಬಿ ಇಟ್ಟುಕೊಳ್ಳುತ್ತದೆ, ಅದು ಸಹಜ. ಸ್ವಚ್ಛ ಎಂದು ಗೊತ್ತಿರುವ, ರೈಟ್ ಪ್ರೊಟೆಕ್ಟ್ ಮಾಡಿದ ಫ್ಲಾಪಿಯಿಂದ ಬೂಟ್ ಮಾಡಿ ನೋಡಿ. ಆಗಲೂ ಅದೇ ಸಂಖ್ಯೆ ಬಂದರೆ ಬಯಾಸ್. ಪೂರ್ತಿ 655,360 ಬಂದರೆ ಹಾರ್ಡ್ ಡಿಸ್ಕ್‌ನಲ್ಲಿ ಅತಿಥಿ ಇದ್ದಾನೆ.

ಡಾಸ್‌ಬಾಕ್ಸ್ ಅಥವಾ ಫ್ರೀಡಾಸ್‌ಗೆ ಹೋದರೆ ಇವೆಲ್ಲ ತಪ್ಪುತ್ತಾ?

ಕೆಲವು ತಪ್ಪುತ್ತವೆ. ಡಾಸ್‌ಬಾಕ್ಸ್ ಅಂದರೆ ಇಂದಿನ ಕಂಪ್ಯೂಟರಿನಲ್ಲಿ ಹಳೇ ಡಾಸ್ ಮಷೀನನ್ನು ಅನುಕರಿಸುವ ಪ್ರೋಗ್ರಾಂ. ಅದರಲ್ಲಿ ಮೌಸ್, ಸಿಡಿ, ಮೆಮರಿ ಎಲ್ಲಾ ಅದರೊಳಗೇ ಇರುವುದರಿಂದ ಅರ್ಧ ಟಿಎಸ್‌ಆರ್‌ಗಳೇ ಬೇಡ. ಆದರೆ ಅದು ಆಟಗಳಿಗೆ ಮಾಡಿದ್ದು. ವ್ಯಾಪಾರದ ಲೆಕ್ಕ ಅದರ ಮೇಲೆ ಓಡಿಸುವ ಮುಂಚೆ ಯೋಚನೆ ಮಾಡಿ. ಫ್ರೀಡಾಸ್ ನಿಜವಾದ ಡಾಸ್, 1994ರಲ್ಲಿ ಜಿಮ್ ಹಾಲ್ ಶುರುಮಾಡಿದ್ದು. ಅಲ್ಲಿಯೂ ಎಫ್5, ಎಫ್8 ಇವೆ, ಅಲ್ಲಿಯೂ ಇಂಟರಪ್ಟ್ ಸರಪಳಿ ಇದೆ, ಆದ್ದರಿಂದ ತಂಟೆಯೂ ಇದೆ.

ನಮ್ಮಲ್ಲಿ ಎಕ್ಸ್‌ಪಿ ಮಷೀನ್. ನುಡಿ, ಬರಹ ಎರಡೂ ಇವೆ. ಕನ್ನಡ ಟೈಪ್ ಮಾಡಿದರೆ ಏನೇನೋ ಬರುತ್ತೆ, ಎಕ್ಸೆಲ್‌ನಲ್ಲಿ ಬಾಣದ ಕೀಗಳೂ ಕೆಟ್ಟಿವೆ.

ವಿಂಡೋಸ್‌ನಲ್ಲಿ ಟಿಎಸ್‌ಆರ್ ಇಲ್ಲ, ಆದರೆ ಕೀಬೋರ್ಡ್ ಹುಕ್ ಇದೆ. ಗಡಿಯಾರದ ಪಕ್ಕ ಕೂತ ಚಿಕ್ಕ ಪ್ರೋಗ್ರಾಂ ಪ್ರತಿ ಕೀಯನ್ನು ಮೊದಲು ತಾನು ನೋಡಿ ಮುಂದೆ ಕಳಿಸುತ್ತದೆ. ಕೊನೆಗೆ ಬಂದವನಿಗೆ ಮೊದಲು ಸಿಗುವ ನಿಯಮ ಇಲ್ಲೂ ಇದೆ. ಎರಡು ಕನ್ನಡ ಪ್ರೋಗ್ರಾಂ ಒಟ್ಟಿಗೆ ಓಡಿದರೆ ಒಂದು ತಿರುಗಿಸಿದ್ದನ್ನು ಇನ್ನೊಂದು ಮತ್ತೆ ತಿರುಗಿಸಲು ಹೋಗಬಹುದು. ಒಂದು ಸಲಕ್ಕೆ ಒಂದನ್ನೇ ಓಡಿಸಿ. ಬೂಟ್ ಆಗುವಾಗ ಬರುವುದನ್ನು ತಡೆಯಲು ಎಂಎಸ್‌ಕಾನ್ಫಿಗ್‌ನ ಸ್ಟಾರ್ಟಪ್ ಪುಟದಲ್ಲಿ ಟಿಕ್ ತೆಗೆಯಿರಿ. ವಿಂಡೋಸ್ 98ರಲ್ಲೂ ಅದು ಇದೆ, 2000ದಲ್ಲಿ ಮಾತ್ರ ಇಲ್ಲ.

ಬಾಣದ ಕೀಗಳ ಕಥೆ ಇನ್ನೂ ಸರಳ. ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಿಸಲು ಸ್ಕ್ರಾಲ್ ಲಾಕ್ ಒತ್ತುತ್ತೇವೆ. ಆ ಕೀಗೆ ಎಕ್ಸೆಲ್‌ನಲ್ಲಿ ಬೇರೆ ಕೆಲಸ ಇದೆ. ಅದು ಆನ್ ಆಗಿದ್ದರೆ ಬಾಣ ಒತ್ತಿದಾಗ ಸೆಲ್ ಬದಲಾಗದೆ ಇಡೀ ಹಾಳೆ ಸರಿಯುತ್ತದೆ. ಕೀಬೋರ್ಡ್ ಕೆಟ್ಟಿತು ಎಂದು ಹೊಸದು ತಂದವರೂ ಇದ್ದಾರೆ. ಹಾಗೆಯೇ ಬರಹದಲ್ಲಿ ಎಫ್11 ಒತ್ತಿ ಭಾಷೆ ಬದಲಿಸಿ ರೂಢಿಯಾದವರು, ಅದು ಓಡದೇ ಇರುವಾಗ ಎಕ್ಸೆಲ್‌ನಲ್ಲಿ ಎಫ್11 ಒತ್ತಿದರೆ ಒಂದು ಹೊಸ ಚಾರ್ಟ್ ಹಾಳೆ ಎದುರಿಗೆ ಬಂದು ನಿಲ್ಲುತ್ತದೆ.

ಎಕ್ಸೆಲ್ 2003ರ ಕೆಳಗಿನ ಪಟ್ಟಿಯಲ್ಲಿ ಎಸ್‌ಸಿಆರ್‌ಎಲ್ ಎಂಬ ನಾಲ್ಕಕ್ಷರ ಕಂಡರೆ ಸ್ಕ್ರಾಲ್ ಲಾಕ್ ಆನ್ ಇದೆ. ಇನ್ನೊಮ್ಮೆ ಒತ್ತಿದರೆ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ಕೀಯೇ ಇಲ್ಲದಿದ್ದರೆ ಸ್ಟಾರ್ಟ್, ರನ್‌ಗೆ ಹೋಗಿ ಓಎಸ್‌ಕೆ ಎಂದು ಹೊಡೆಯಿರಿ. ತೆರೆಯ ಮೇಲೆ ಬರುವ ಕೀಬೋರ್ಡಿನಲ್ಲಿ ಎಸ್‌ಎಲ್‌ಕೆ ಎಂಬ ಗುಂಡಿ ಇದೆ, ಅದನ್ನು ಕ್ಲಿಕ್ ಮಾಡಿ.